ಹೊಗೆಗೂ ಬಿಲ್ ಬಂತು

ವಿಜಯಪುರದಲ್ಲಿ ಈಗ ಹೊಗೆಗೆ ಎರಡು ರೇಟು. ರಸ್ತೆ ಬದಿ ಎದ್ದರೆ ದೂರು, ಎಸಿ ಒಳಗೆ ಎದ್ದರೆ 240 ರೂಪಾಯಿ.

ಹೊಸ ಬಡಾವಣೆಯೊಂದರಲ್ಲಿ ಸಣ್ಣ ಹೋಟೆಲ್ ಶುರುವಾಗಿದೆ. ಗೋಡೆ ಮೇಲೆ ಕೌಬಾಯ್ ಟೋಪಿ, ಅದರ ಪಕ್ಕದಲ್ಲೇ ಸಿದ್ಧೇಶ್ವರ ಸ್ವಾಮೀಜಿಯವರ ಫೋಟೋ. ಹೊರಗೆ ಬೋರ್ಡು: ಪ್ಯೂರ್ ವೆಜ್ ಬಾರ್ಬೆಕ್ಯೂ ಸ್ಯಾಂಡ್‌ವಿಚ್, ಜೈನ್ ಕೂಡ ಸಿಗುತ್ತದೆ.

ಅಮೆರಿಕದ ಉತ್ತರ ಕೆರೊಲಿನಾದವರಿಗೆ ಈ ಬೋರ್ಡು ಓದಿ ಹೇಳಬೇಕು ಅನಿಸಿತು. ಅಲ್ಲಿ ಬಾರ್ಬೆಕ್ಯೂ ಅಂದರೆ ಹಂದಿ ಮಾಂಸ. ಹಿಕರಿ ಅಥವಾ ಓಕ್ ಕಟ್ಟಿಗೆಯ ಕೆಂಡದ ಮೇಲೆ, ಸುಮಾರು 110 ಡಿಗ್ರಿ ಶಾಖದಲ್ಲಿ, ರಾತ್ರಿಯೆಲ್ಲ ಬೇಯಬೇಕು. ಆಮೇಲೆ ಎಳೆ ಎಳೆಯಾಗಿ ಬಿಡಿಸಿ, ವಿನೆಗರ್ ಮತ್ತು ಮೆಣಸಿನಕಾಯಿಯ ಸಾಸ್ ಕಲಸಿ, ಮೇಲೆ ಹೆಚ್ಚಿದ ಕೋಸು ಹಾಕಿ ಬನ್‌ನಲ್ಲಿ ಇಡುತ್ತಾರೆ. ಇಲ್ಲಿ ಮಾಂಸ ತೆಗೆದಾಯ್ತು. ಕೆಂಡ ತೆಗೆದಾಯ್ತು. ಜೈನರಿಗಾಗಿ ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ತೆಗೆದಾಯ್ತು. ಉಳಿದದ್ದು ಬ್ರೆಡ್ಡು ಮತ್ತು ಬೋರ್ಡು. ಸಸ್ಯಾಹಾರದ ಬಗ್ಗೆ ನನ್ನ ತಕರಾರಿಲ್ಲ, ಪನ್ನೀರಿನ ಮೇಲೆ ಸಿಟ್ಟೂ ಇಲ್ಲ. ಬೆಂಕಿಯೇ ಇಲ್ಲದ ಬಾರ್ಬೆಕ್ಯೂ ಹೇಗಾಗುತ್ತದೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಹುಡುಗ ತಟ್ಟೆ ತಂದ. ಮೇಲೆ ಗಾಜಿನ ಗುಮ್ಮಟ. ಇದು ಗುಮ್ಮಟದ ಊರಲ್ವಾ, ಸರಿಹೋಯಿತು. ಅವನ ಕೈಯಲ್ಲಿ ಪುಟ್ಟ ಪಿಸ್ತೂಲಿನಂಥ ಯಂತ್ರ. ಅದರ ತಲೆಯಲ್ಲಿ ಒಂದು ಚಿಟಿಕೆ ಕಟ್ಟಿಗೆ ಹೊಟ್ಟು ತುಂಬಿ ಲೈಟರ್ ಹಚ್ಚಿದ. ಯಂತ್ರ ಗುರ್ ಅಂದಿತು. ಪೈಪಿನಿಂದ ಬಿಳಿ ಹೊಗೆ ಗಾಜಿನೊಳಗೆ ಸುತ್ತಿಕೊಂಡಿತು.

"ಸರ, ಮೊಬೈಲ್ ತಗೀರಿ ಮೊದ್ಲ."

"ಯಾಕೋ ತಮ್ಮಾ?"

"ಹೊಗಿ ಭಾಳ ಹೊತ್ತು ನಿಲ್ಲೂದಿಲ್ರೀ. ಮತ್ತೊಮ್ಮೆ ಹಾಕಬೇಕಂದ್ರ ಬ್ಯಾರೆ ರೊಕ್ಕ ಆಗ್ತೈತ್ರೀ."

ಪಕ್ಕದ ಟೇಬಲ್ಲಿಗೂ ಒಂದು ಗುಮ್ಮಟ ಬಂತು. ಮಗ, ಸೊಸೆ, ಮೊಮ್ಮಗ ಮೂವರೂ ಮೊಬೈಲ್ ಎತ್ತಿ ಹಿಡಿದರು. ಮುಚ್ಚಳ ತೆಗೆದ ಕೂಡಲೇ ಹೊಗೆ ಸೀದಾ ಅಜ್ಜಿಯ ಮುಖಕ್ಕೆ. ಅವರು ಕೆಮ್ಮಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರು: "ಒಲಿ ಊದಿ ಊದಿ ಕಣ್ಣು ಕಳ್ಕೊಂಡೇನಿ. ಗ್ಯಾಸ್ ಬಂದಾಗ ದೇವರಿಗೆ ಕಾಯಿ ಒಡಿಸೇನಿ. ಈಗ ರೊಕ್ಕಾ ಕೊಟ್ಟು ಹೊಗಿ ಕುಡಸಾಕ ಕರ್ಕೊಂಡ ಬಂದಿ ಏನೋ?" ಹೆಣ್ಣುಮಕ್ಕಳನ್ನು ಹೊಗೆಯಿಂದ ಪಾರು ಮಾಡೋಕೆ ಅಂತಲೇ 2016ರಲ್ಲಿ ಉಜ್ವಲ ಯೋಜನೆ ಬಂದದ್ದು. ಮಗನಿಗೆ ಅದೆಲ್ಲ ಬೇಕಿರಲಿಲ್ಲ. ವಿಡಿಯೋದಲ್ಲಿ ಕೆಮ್ಮು ಸೇರಿಕೊಂಡಿದೆ ಅಂತ ಬೇಜಾರು ಮಾಡಿಕೊಂಡ.

ಹೋಟೆಲಿನವರ ಕಷ್ಟವೂ ಇದೆ ಬಿಡಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣ ನಿಲ್ಲಿಸಿತು. ಜೂನ್‌ನಲ್ಲಿ ಕಬಾಬಿನ ಬಣ್ಣವೂ ಹೋಯಿತು. ನಡುವೆ, ಬಾಯಲ್ಲಿ ಹೊಗೆ ಬರಿಸುವ ಸ್ಮೋಕ್ ಬಿಸ್ಕತ್ತಿನ ದ್ರವ ಸಾರಜನಕಕ್ಕೂ ಕತ್ತರಿ ಬಿತ್ತು. ಗಿರಾಕಿಗೆ ತೋರಿಸೋಕೆ ಏನಾದರೂ ಬೇಕಲ್ಲ?

ಇನ್ನು ಸ್ಯಾಂಡ್‌ವಿಚ್. ಹಂಚಿನ ಮೇಲೆ ಬಿಸಿ ಮಾಡಿದ ಬ್ರೆಡ್ಡು, ತಣ್ಣಗಿನ ಪನ್ನೀರು, ಸಿಹಿ ಜಾಸ್ತಿಯಾದ ಕಂದು ಸಾಸು. ಗಾಜು ತೆಗೆದ ಮೇಲೂ ಸುಟ್ಟ ವಾಸನೆ ಹೋಗಲೇ ಇಲ್ಲ. ಮಾಲೀಕರನ್ನು ಕೇಳಿದೆ. ಅವರು ಒಂಚೂರೂ ಮುಚ್ಚಿಡದೆ ಒಳಗಿನಿಂದ ಸಣ್ಣ ಬಾಟ್ಲಿ ತಂದು ಟೇಬಲ್ ಮೇಲಿಟ್ಟರು. ಒಳಗೆ ದ್ರವರೂಪದ ಹೊಗೆ. ಇದೇನೂ ಮೋಸವಲ್ಲ. ಕಟ್ಟಿಗೆ ಹೊಗೆಯನ್ನು ತಣ್ಣಗೆ ಮಾಡಿ ನೀರಾಗಿ ಇಳಿಸಿದ ನಿಜವಾದ ಹೊಗೆಯೇ. ಕಾನ್ಸಾಸ್ ಸಿಟಿಯ ಔಷಧ ವ್ಯಾಪಾರಿ ಅರ್ನೆಸ್ಟ್ ರೈಟ್ 1895ರ ಹೊತ್ತಿಗೇ ಇದನ್ನು ಬಾಟ್ಲಿಗೆ ತುಂಬಿ ಮಾರಲು ಶುರು ಮಾಡಿದ್ದ.

ಬಿಲ್ 252. ಅದರಲ್ಲಿ 12 ರೂಪಾಯಿ ಜಿಎಸ್‌ಟಿ. ಹೊಗೆ ಗಾಳಿಗೆ ಹೋಯಿತು, ಅದರ ತೆರಿಗೆ ಮಾತ್ರ ಸರ್ಕಾರಕ್ಕೆ ಸರಿಯಾಗಿ ಮುಟ್ಟಿತು.

ಇದೇ ಬಡಾವಣೆಯ ತಿರುವಿನಲ್ಲಿ ಒಬ್ಬ ಕಾಕಾ ಗಾಡಿ ಇಟ್ಟು ಗೋವಿನಜೋಳ ಸುಡುತ್ತಿದ್ದ. ನಿಜವಾದ ಇದ್ದಿಲು, ನಿಜವಾದ ಕೆಂಡ, ನಿಂಬೆಹೋಳಿಗೆ ಉಪ್ಪು ಖಾರ ಅದ್ದಿ ಉಜ್ಜಿ ಕೊಡುತ್ತಿದ್ದ. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಗದ್ದಲವೋ ಗದ್ದಲ. ಹೊಗೆಯಿಂದ ಪರದೆ ಕಪ್ಪಾಗುತ್ತವೆ, ಮಕ್ಕಳಿಗೆ ಕೆಮ್ಮು ಬರುತ್ತದೆ, ಏರಿಯಾದ ಲೆವೆಲ್ ಇಳಿಯುತ್ತದೆ. ಗಾಡಿ ಎತ್ತಿಸಿದರು. ಎತ್ತಿಸಲು ಮುಂದೆ ನಿಂತವರ ಸ್ಟೇಟಸ್‌ನಲ್ಲಿ ಈಗ ಗಾಜಿನ ಗುಮ್ಮಟ ಸುತ್ತುತ್ತಿದೆ, ಕೆಳಗೆ ಮೂರು ಬೆಂಕಿ ಎಮೋಜಿ.

ಚಳಿಗಾಲದಲ್ಲಿ ನಮ್ಮ ಹೊಲಗಳ ಕಡೆ ಹೋದರೆ ಸೀತನಿ ಸಿಗುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಉಜ್ಜಿ ಕಾಳು ಬಿಡಿಸಿ, ಶೇಂಗಾ ಚಟ್ನಿ ಜೊತೆ ಅಂಗೈಗೆ ಹಾಕುತ್ತಾರೆ. ಮೊಬೈಲ್ ತೆಗೆಯೋಕೆ ಕೈ ಖಾಲಿ ಇರುವುದಿಲ್ಲ. ಆ ಹೊಗೆಗೆ ಇನ್ನೂ ಮಾರ್ಕೆಟ್ ಸಿಗದಿರುವುದು ಇದಕ್ಕೇ ಇರಬೇಕು.

ಏಳುವಾಗ ಮಾಲೀಕರೇ ಬಾಗಿಲ ತನಕ ಬಂದರು.

"ಮುಂದಿನ ತಿಂಗಳ ಬರ್ರಿ ಸರ. ಸುಟ್ಟ ಬದನಿಕಾಯಿ ಬಾರ್ಬೆಕ್ಯೂ ಸ್ಯಾಂಡ್‌ವಿಚ್ ಮಾಡಾಕತ್ತೀವಿ."

"ಬದನಿಕಾಯಿ ಎಲ್ಲಿ ಸುಡ್ತೀರಿ?"

"ಸುಡೂದ್ಯಾಕ್ರೀ? ಬಾಟ್ಲಿ ಐತಲ್ರೀ."