ಬಲಗಡೆಯ ತಲೆ

ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ. ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದಲೇ ಪುರಾಣದ ಒಂದು ಪ್ರಾಣಿಯ ಕೊಲಾಜ್ ಮಾಡಿ ತರಬೇಕಂತೆ. "ಗಂಡಭೇರುಂಡ ಮಾಡೋಣಪ್ಪ" ಅಂದಳು. ನನಗೂ ಖುಷಿಯಾಯಿತು. ರಾಜ್ಯದ ಲಾಂಛನ, ಸರ್ಕಾರಿ ಬಸ್ಸಿನ ಮೇಲೂ ಇದೆ, ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ?

ಹಿಂದೆ ಮದುವೆ ಕಾರ್ಡಿನ ಕೆಂಪು ರಟ್ಟು. ರೆಕ್ಕೆಗೆ ಹಳೇ ಸೀರೆಯ ಜರಿ ಅಂಚು. ಕಣ್ಣಿಗೆ ನನ್ನ ಅಂಗಿಯ ಗುಂಡಿ (ಅಂಗಿ ಹಳೇದೇನಲ್ಲ, ಇರಲಿ). ಕೊಕ್ಕಿಗೆ ಬ್ಯಾಡಗಿ ಮೆಣಸಿನಕಾಯಿ. ಎರಡೂ ತಲೆಗೆ ತೊಗರಿಬೇಳೆ, ಒಂದೊಂದೇ ಕಾಳು ಜೋಡಿಸಿ. ಎಡಗಡೆಯ ತಲೆ ಮುಗಿಯುವಷ್ಟರಲ್ಲಿ ಫೆವಿಕಾಲ್ ಡಬ್ಬಿ ಖಾಲಿ. ರಾತ್ರಿ ಹತ್ತೂವರೆ, ಅಂಗಡಿ ಮುಚ್ಚಿತ್ತು. "ಮೈದಾ ಅಂಟು ಕಾಯಿಸಿ ಕೊಡ್ತೀನಿ ಇರು. ನಾವು ಗಾಳಿಪಟ ಅಂಟಿಸ್ತಿದ್ದದ್ದೂ ಅದರಲ್ಲೇ" ಅಂದರು ಅಮ್ಮ. ಬಲಗಡೆಯ ತಲೆ ಮೈದಾ ನಂಬಿಕೊಂಡು ನಿಂತಿತು.

ಬೆಳಿಗ್ಗೆ ಎದ್ದು ನೋಡಿದರೆ ಆ ತಲೆಯೇ ಇಲ್ಲ. ಬೇಳೆ ಇಲ್ಲ, ಅಂಟಿಲ್ಲ, ಕೆಳಗಿನ ರಟ್ಟನ್ನೂ ಕೆರೆದು ತಿಂದಿದೆ. ಮೆಣಸಿನಕಾಯಿ ಮಾತ್ರ ಮೂಸಿ ಬಿಟ್ಟಹಾಗಿತ್ತು. ಪಕ್ಕದಲ್ಲಿ ನಾಲ್ಕು ಹಿಕ್ಕೆ.

ಬೇಲೂರಿನ ಗುಡಿಯಲ್ಲಿ ಒಂದು ಕೆತ್ತನೆ ಇದೆ. ಜಿಂಕೆಯನ್ನು ಹಿಡಿದ ಹೆಬ್ಬಾವು, ಹೆಬ್ಬಾವನ್ನು ಹಿಡಿದ ಆನೆ, ಆನೆ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಇನ್ನು ಇದನ್ನು ತಿನ್ನೋರು ಯಾರೂ ಇಲ್ಲ ಅಂತ ಹೊಯ್ಸಳರ ಶಿಲ್ಪಿ ಅಲ್ಲಿಗೇ ಉಳಿ ಕೆಳಗಿಟ್ಟ. ಪಾಪ, ಅವನು ನಮ್ಮನೆ ಅಡುಗೆಮನೆ ನೋಡಿರಲಿಲ್ಲ.

ಇದೆಲ್ಲ ನೋಡಿ ಬೆರಗಾಗಿ ನಿಂತ ಒಬ್ಬ ಋಷಿಯೂ ಆ ಕೆತ್ತನೆಯಲ್ಲಿದ್ದಾನೆ. ನಮ್ಮನೆಯಲ್ಲಿ ಆ ಜಾಗಕ್ಕೆ ನಾನು, ಲುಂಗಿಯಲ್ಲಿ.

ಟೈಮಿರಲಿಲ್ಲ. ಹಾಗೇ ತಗೊಂಡು ಹೋದೆವು. ನೋಡಲು ಬಂದವರಲ್ಲಿ ಒಬ್ಬರು ಕೋಳಿ ಅಂದರು, ಇನ್ನೊಬ್ಬರು ಗರುಡ ಅಂದು ಕೈ ಮುಗಿದರು. ಕೊನೆಗೆ ತೀರ್ಪುಗಾರರು ಬಂದರು. ಗಲ್ಲಕ್ಕೆ ಕೈ ಕೊಟ್ಟು ಎರಡು ನಿಮಿಷ ನೋಡಿದರು. ಕೆರೆದ ರಟ್ಟಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಈ ಖಾಲಿತನ ಇದೆಯಲ್ಲ, ಅದ್ಭುತ. ಎರಡು ಮನಸ್ಸಿನ ಮನುಷ್ಯ ಒಂದನ್ನು ಕಳಕೊಂಡಿದ್ದಾನೆ. ಬಾಯಿಗೆ ಬಂದ ಖಾರದ ಮಾತು ಮಾತ್ರ ಉಳಿದಿದೆ. ಅದೇ ತಾನೇ?"

ನಾನು ತಲೆಯಾಡಿಸಿದೆ. ಸುಮ್ನಿರಬಹುದಿತ್ತು. "ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಇದಕ್ಕೆ ಮನುಷ್ಯನ ಮೈ ಇದೆ ಸರ್. ರೂಪ ಕಾಲಕಾಲಕ್ಕೆ ಬದಲಾಗ್ತಾ ಬಂದಿದೆ" ಅಂತ ಸೇರಿಸಿದೆ. ಅವರು ಬರೆದುಕೊಂಡರು.

"ಇಲ್ಲ ಸರ್," ಅಂದಳು ಮಗಳು, "ಇಲಿ ತಿಂತು."

ಅವರು ಪೆನ್ನು ತಡೆದು ಕೊಲಾಜಿನ ಮೂಲೆ ಮೂಲೆ ಹುಡುಕಿದರು. "ಓಹೋ! ಆ ಇಲಿಯನ್ನ ಎಲ್ಲಿ ತೋರಿಸಿದ್ದೀಯಮ್ಮಾ?"

"ಮನೇಲಿದೆ ಸರ್. ಇನ್ನೂ ಸಿಕ್ಕಿಲ್ಲ."