ನಮ್ಮ ಗೇಟಿನ ಹನ್ನೆರಡು ಗಂಟೆ

ಎರಡು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಕೆಲಸ ನನ್ನ ತಲೆಗೆ ಬಿತ್ತು. ಮೀಟಿಂಗ್‌ಗೆ ಅರ್ಧ ಗಂಟೆ ಲೇಟಾಗಿ ಹೋದೆ, ಅಷ್ಟರಲ್ಲಿ ನನ್ನ ಹೆಸರು ಬರೆದು ಮುಗಿಸಿದ್ದರು. ಮೊದಲ ಕೆಲಸ ಸೆಕ್ಯೂರಿಟಿ ಏಜೆನ್ಸಿಯ ಕಾಂಟ್ರಾಕ್ಟ್ ರಿನ್ಯೂ ಮಾಡೋದು. ಕೊಟೇಶನ್ ಬಂತು, ಒಬ್ಬ ಗಾರ್ಡ್‌ಗೆ ತಿಂಗಳಿಗೆ 24,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಪರವಾಗಿಲ್ಲ, ಒಳ್ಳೆ ಸಂಬಳವೇ ಕೊಡ್ತಾ ಇದ್ದೀವಿ ಅಂದುಕೊಂಡೆ.

ಆಮೇಲೆ ಸುಮ್ನೆ ಕೂತು ಆ ಹಾಳೆಯನ್ನು ಸಾಲು ಸಾಲಾಗಿ ಓದಿದೆ. ಮೊದಲ ಸಾಲು, ಕನಿಷ್ಠ ವೇತನ, 16,000. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘8 ಗಂಟೆಗೆ’ ಅಂತ ಇದೆ. ಕೆಳಗೆ ಪಿಎಫ್, ಇಎಸ್‌ಐ, ಬೋನಸ್, ರಜೆ, ಏಜೆನ್ಸಿಯ ಸರ್ವಿಸ್ ಚಾರ್ಜ್. ನಡುವೆ ಒಂದು ಕಡೆ ‘ಎಕ್ಸ್‌ಟ್ರಾ ಡ್ಯೂಟಿ ಅಲೊವೆನ್ಸ್ 1,800’. ನಮ್ಮ ಗಾರ್ಡ್‌ಗಳು ಬೆಳಗ್ಗೆ ಎಂಟಕ್ಕೆ ಬಂದರೆ ರಾತ್ರಿ ಎಂಟಕ್ಕೆ ಹೋಗೋದು. ದಿನಕ್ಕೆ ನಾಲ್ಕು ಗಂಟೆ ಜಾಸ್ತಿ, ತಿಂಗಳಿಗೆ 120 ಗಂಟೆ. 1,800 ಭಾಗಿಸು 120. ಗಂಟೆಗೆ 15 ರೂಪಾಯಿ! ಹೆಚ್ಚುವರಿ ಗಂಟೆಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು ಅಂತ ಕಾನೂನು ಹೇಳುತ್ತದೆ. ಇಲ್ಲಿ ಮಾಮೂಲಿ ದರದ ಕಾಲು ಭಾಗವೂ ಇಲ್ಲ.

ಗೇಟಲ್ಲಿರುವ ಅಣ್ಣನನ್ನು ಕೇಳಿದೆ, ಕೈಗೆ ಎಷ್ಟು ಬರುತ್ತೆ ಅಂತ. ರಾಯಚೂರು ಕಡೆಯವರು, ಐವತ್ತರ ಹತ್ತಿರ ವಯಸ್ಸು. ಕಟಿಂಗ್ ಎಲ್ಲ ಹೋಗಿ 15,200 ಅಂದರು. ವಾರದ ರಜ? ‘ರಿಲೀವರ್ ಬಂದ್ರ ರಜಾ ರೀ, ಬರ್ಲಿಲ್ಲಂದ್ರ ನಾವೇ.’ ರಿಲೀವರ್ ಅಂದರೆ ಬದಲಿ ಗಾರ್ಡ್. ರಜ ಹಾಕಿದರೆ ಆ ದಿನದ ಸಂಬಳ ಕಟ್, ಹಾಗಾಗಿ ರಿಲೀವರ್ ಬಾರದಿದ್ದರೇ ಒಳ್ಳೇದು ಅನ್ನೋ ಹಾಗಿದೆ ಅವರ ಲೆಕ್ಕ. ತಿಂಗಳಿಗೆ 360 ಗಂಟೆ ನಿಂತು 15,200. ಗಂಟೆಗೆ 42 ರೂಪಾಯಿ.

ಇಷ್ಟು ದಿನ ಆ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ದು ಬೇರೆ ಯಾರೋ. ಈಗ ಹಾಕಬೇಕಾಗಿರೋದು ನಾನು.

ನನಗೆ ಇದು ಚುಚ್ಚೋದಕ್ಕೆ ಒಂದು ಕಾರಣ ಇದೆ. ನಮ್ಮಮ್ಮ ಇಪ್ಪತ್ತು ವರ್ಷ ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ನಮ್ಮ ಮನೆಯಲ್ಲಿ ಯುಗಾದಿ ಹೋಳಿಗೆಗಿಂತ ದೊಡ್ಡ ಸುದ್ದಿ ಏಪ್ರಿಲ್ ಒಂದರ ಡಿಎ, ಅಂದರೆ ತುಟ್ಟಿಭತ್ಯೆ. ಈ ಸಲ ಎಷ್ಟು ಬಂತು, ಮುನ್ನೂರಾ, ನಾನೂರಾ, ಅದರ ಮೇಲೆ ಆ ವರ್ಷದ ಸ್ಕೂಲ್ ಫೀಸು, ಚೀಟಿ, ಎಲ್ಲಾ. 2020ರಲ್ಲಿ ಕೊರೊನಾ ಹೆಸರಲ್ಲಿ ಸರ್ಕಾರ ಆ ಡಿಎಯನ್ನೇ ಮುಂದೂಡಿತು, ಯೂನಿಯನ್‌ನವರು ಅದಕ್ಕೂ ಹೈಕೋರ್ಟಿಗೆ ಹೋಗಬೇಕಾಯಿತು. ಆದರೆ ಅಮ್ಮನ ಕಾರ್ಖಾನೆಯಲ್ಲಿ ಕನಿಷ್ಠ ವೇತನ ಕೊಡ್ತಿರಲಿಲ್ಲ ಅಂತ ಯಾರೂ ಹೇಳೋ ಹಾಗಿರಲಿಲ್ಲ. ಪೇ ಸ್ಲಿಪ್ಪಲ್ಲಿ ಪೈಸೆ ಪೈಸೆ ಸರಿ ಇರೋದು. ಪ್ರೊಡಕ್ಷನ್ ಮುಗಿದಿಲ್ಲ ಅಂದರೆ ಐದೂವರೆಗೆ ಪಂಚ್ ಮಾಡಿ ಬಂದು ಮತ್ತೆ ಮಿಷನ್ ಮುಂದೆ ಕೂರಬೇಕಿತ್ತು, ಅಷ್ಟೆ. ಆ ಮುಕ್ಕಾಲು ಗಂಟೆ ಯಾವ ಸ್ಲಿಪ್ಪಲ್ಲೂ ಬರಲ್ಲ.

2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯೋ ನಿಯಮ ಬದಲಾಯಿಸ್ತಾರೆ ಅಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರೋಡಿಗೆ ಇಳಿದದ್ದು ನಿಮಗೆ ನೆನಪಿರಬಹುದು. ಎರಡನೇ ದಿನ ಜಾಲಹಳ್ಳಿ ಕ್ರಾಸ್ ಕಡೆಯೂ ಶುರುವಾಯಿತು, ಕೇಂದ್ರ ಸರ್ಕಾರ ಆ ದಿನವೇ ನಿಯಮ ವಾಪಸ್ ತಗೊಂಡಿತು. ಆಗ ನನ್ನ ಕಾಲೇಜ್ ಫ್ರೆಂಡ್ಸ್‌ಗೆ ಅರ್ಥವೇ ಆಗಲಿಲ್ಲ, ಪಿಎಫ್‌ಗೆ ಇಷ್ಟೊಂದು ಗಲಾಟೆನಾ ಅಂತ. ಸಂಬಳದಲ್ಲಿ ಒಂದು ರೂಪಾಯಿ ಉಳಿಯದವರಿಗೆ ಗಂಟಾಗಿ ಸಿಗೋ ದುಡ್ಡು ಅಂದರೆ ಅದೊಂದೇ. ಕೆಲಸ ಬಿಟ್ಟು, ಪಿಎಫ್ ತೆಗೆದು, ಮೀಟರ್ ಬಡ್ಡಿ ತೀರಿಸಿ, ಪಕ್ಕದ ಫ್ಯಾಕ್ಟರಿಗೆ ಮತ್ತೆ ಹೊಸಬಳಾಗಿ ಸೇರೋದು. ಅಮ್ಮ ಎರಡು ಸಲ ಹಾಗೆ ಮಾಡಿದ್ದಾರೆ.

ಕನಿಷ್ಠ ವೇತನವನ್ನು ಹೇಗೆ ಲೆಕ್ಕ ಹಾಕ್ತಾರೆ ಅಂತ ಎಷ್ಟು ಜನ ನೋಡಿದ್ದೀರಿ? 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ ಸೂತ್ರ ಅದು. ದುಡಿಯೋ ಗಂಡಸು ಒಂದು, ಹೆಂಡತಿ 0.8, ಎರಡು ಮಕ್ಕಳು ತಲಾ 0.6, ಒಟ್ಟು ಮೂರು ಘಟಕ. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ. ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮಕ್ಕಳ ಓದು, ಆಸ್ಪತ್ರೆ ಖರ್ಚಿಗೆ 25 ಪರ್ಸೆಂಟ್ ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಓದೋಕೆ ಚೆನ್ನಾಗಿಯೇ ಇದೆ. ಆದರೆ ಊರಲ್ಲಿರೋ ಅಪ್ಪ ಅಮ್ಮ ಈ ಲೆಕ್ಕದಲ್ಲಿ ಸೊನ್ನೆ. (ನಮ್ಮಮ್ಮನ ವಿಷಯದಲ್ಲಿ ದುಡಿಯೋ ಆ ‘ಒಂದು’ ಹೆಂಗಸು, ಸೂತ್ರ ಬರೆದವರಿಗೆ ಅದೂ ಹೊಳೆದಿರಲಿಲ್ಲ.)

ಇನ್ನು ಬಾಡಿಗೆ. 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮದಲ್ಲಿ ಮನೆ ಬಾಡಿಗೆ ಅಂದರೆ ಊಟ ಬಟ್ಟೆ ಖರ್ಚಿನ 10 ಪರ್ಸೆಂಟ್. ಊಟ ಬಟ್ಟೆಗೆ 10 ಸಾವಿರ ಅಂತಿಟ್ಟುಕೊಳ್ಳಿ, ಬಾಡಿಗೆ ಒಂದು ಸಾವಿರ. ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಒಂದು ಸಾವಿರಕ್ಕೆ ಏನು ಸಿಗುತ್ತೆ ಹೇಳಿ. ನಮ್ಮ ಗೇಟಿನ ಅಣ್ಣ ಇನ್ನೂ ಐದು ಜನರ ಜೊತೆ ಶೀಟಿನ ರೂಮಲ್ಲಿ ಇದ್ದಾರೆ. ಡೇ ಶಿಫ್ಟ್‌ನವರು ಮೂವರು, ನೈಟ್ ಶಿಫ್ಟ್‌ನವರು ಮೂವರು, ಚಾಪೆಯೂ ಮೂರೇ. ಆ ರೂಮಿಗೂ ಅಡ್ವಾನ್ಸ್ ಕೊಟ್ಟಿದ್ದಾರೆ, ಅದಕ್ಕೆ ಮಾಡಿದ ಸಾಲದ ಬಡ್ಡಿ ಇನ್ನೂ ಕಟ್ತಾ ಇದ್ದಾರೆ.

ಇದನ್ನೆಲ್ಲ ಹೇಳಿದರೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು, ‘ಈಗ ಎಲ್ಲಾ ಫ್ರೀ ಅಲ್ವಾ ಅವರಿಗೆ, ಎರಡು ಸಾವಿರ ಬೇರೆ ಬರುತ್ತೆ’ ಅಂದರು. ಗೃಹಲಕ್ಷ್ಮಿ ದುಡ್ಡು ಊರಲ್ಲಿ ಹೆಂಡತಿ ಅಕೌಂಟಿಗೆ ಬರುತ್ತೆ, ನಿಜ, ಅದರಲ್ಲೇ ಅಲ್ಲಿ ಮನೆ ನಡೆಯೋದು. ಬಸ್ಸು ಫ್ರೀ ಇರೋದು ಹೆಂಗಸರಿಗೆ. ಅಣ್ಣ ಟಿಕೆಟ್ ತಗೊಂಡೇ ಬರ್ತಾರೆ, 2025ರ ಜನವರಿಯಲ್ಲಿ 15 ಪರ್ಸೆಂಟ್ ಜಾಸ್ತಿಯಾದ ಟಿಕೆಟ್ಟು. ನೈಟ್ ಡ್ಯೂಟಿ ಇದ್ದಾಗ ಬೆಳಗ್ಗೆ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿ ತಿಂಡಿ. ನನಗೆ ಅನಿಸೋದು ಇಷ್ಟು: ನಾವು 64 ಮನೆಯವರು ಕೊಡದೇ ಉಳಿಸಿಕೊಂಡ ಸಂಬಳವನ್ನು ಸರ್ಕಾರ ಅಕ್ಕಿ, ಇಡ್ಲಿ ರೂಪದಲ್ಲಿ ತುಂಬಿಕೊಡ್ತಾ ಇದೆ. ಸರ್ಕಾರದ ಆ ಗ್ಯಾರಂಟಿ ಯೋಜನೆಗಳ ಫಲಾನುಭವಿಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇರಬೇಕಿತ್ತು.

ಸರಿ, ಮೂರು ಶಿಫ್ಟ್ ಮಾಡಿದರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದೆ. ಗಾರ್ಡ್ ನಿಲ್ಲೋ ಎರಡು ಪಾಯಿಂಟು, ಮೂರು ಶಿಫ್ಟು, ಮೇಲೊಬ್ಬ ರಿಲೀವರ್. ನಾಲ್ಕು ಜನರ ಜಾಗದಲ್ಲಿ ಏಳು ಜನ. ಜಿಎಸ್‌ಟಿ ಸೇರಿ ತಿಂಗಳಿಗೆ 70 ಸಾವಿರ ಜಾಸ್ತಿ, ಮನೆಗೆ ಸುಮಾರು 1,100. ಗ್ರೂಪಿಗೆ ಹಾಕಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ‘ಬೇಸ್‌ಮೆಂಟ್ ಗೇಟಿಗೆ ಸಿಸಿಟಿವಿ ಹಾಕಿಸಿ ಅಲ್ಲಿನವರನ್ನು ತೆಗೆದುಬಿಡೋಣ.’ ಏಳು ಲೈಕು!

ಇದಕ್ಕಿಂತ ನನ್ನನ್ನು ಸುಮ್ಮನಾಗಿಸಿದ್ದು ಅಣ್ಣನ ಮಾತು. ಎಂಟು ಗಂಟೆ ಡ್ಯೂಟಿ ಮಾಡೋಣ ಅಂತಿದ್ದೀವಿ ಅಂದೆ, ಸ್ವಲ್ಪ ಬೀಗುತ್ತಲೇ ಅಂದೆ. ‘ಪಗಾರ ಎಷ್ಟ್ ರೀ?’ ಅಂದರು. ಎಕ್ಸ್‌ಟ್ರಾ ಡ್ಯೂಟಿ ದುಡ್ಡು ಹೋಗುತ್ತೆ, 13,400 ಬರಬಹುದು ಅಂದೆ.

‘ಹಂಗಾದ್ರ ಬ್ಯಾಡ್ರೀ ಸರ್. ಉಳಿದ ಹೊತ್ತಿಗೆ ಮತ್ತೊಂದ್ ಕಡೆ ಡ್ಯೂಟಿ ಹುಡುಕಬೇಕಾಗ್ತದ. ಇಲ್ಲೇ ಹನ್ನೆರಡು ತಾಸು ನಿಂದ್ರತೀನಿ ಬಿಡ್ರಿ.’

ಎಂಟು ಗಂಟೆಯ ಕಾನೂನು ಇದ್ದೂ ಇಲ್ಲದ ಹಾಗೆ ಆಗಿರೋದು ಇಲ್ಲೇ. ಎಂಟು ಗಂಟೆಯ ಕೂಲಿಯಲ್ಲಿ ಬದುಕೋಕೆ ಆಗಲ್ಲ ಅಂದರೆ ಮನುಷ್ಯ ತಾನೇ ಹನ್ನೆರಡು ಗಂಟೆ ಕೇಳ್ತಾನೆ. ಏಜೆನ್ಸಿಯವರು ‘ಅವರೇ ಒಪ್ಪಿದ್ದಾರೆ ಸರ್’ ಅಂತಾರೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಕೇಸಿನಲ್ಲಿ. ಬಡತನವೂ ಒಂದು ಬಲವಂತವೇ, ತಾವೇ ಒಪ್ಪಿ ಬಂದಿದ್ದರೂ ಅದು ಬಲವಂತದ ದುಡಿಮೆಯೇ ಅಂತ ಅದರ ಅರ್ಥ. ನಮ್ಮ ಹಳ್ಳಿ ಕಡೆ ಇದಕ್ಕೆ ಜೀತ ಅಂತಿದ್ದರು.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಒಂದು ಕರಡು ಹೊರಡಿಸಿತು. ಬೆಂಗಳೂರು ಇರುವ ವಲಯದಲ್ಲಿ ಕೌಶಲ ಬೇಡದ ಕೆಲಸಕ್ಕೆ ತಿಂಗಳಿಗೆ 19,319 ರೂಪಾಯಿ. ತುಂಬಾ ಜಾಸ್ತಿ ಆಯ್ತು ಅಂತ ಕೈಗಾರಿಕೆಯವರು ಕೂಗಾಡಿದರು. ಆ ಅಂಕಿ ಇಟ್ಟುಕೊಂಡು ಅಣ್ಣನ ಲೆಕ್ಕ ಮತ್ತೆ ಹಾಕಿದೆ. ಪಿಎಫ್, ಇಎಸ್‌ಐ ಕಳೆದರೂ ಕೈಗೆ 17 ಸಾವಿರದ ಆಸುಪಾಸು, ಅದೂ ಎಂಟು ಗಂಟೆಗೆ. ಈಗ ಹನ್ನೆರಡು ಗಂಟೆಗೆ ಸಿಗ್ತಿರೋದಕ್ಕಿಂತ ಜಾಸ್ತಿ. ಆಗ ಕೇಳಿದ್ದರೆ ಅವರು ‘ಬ್ಯಾಡ್ರೀ’ ಅಂತಿರಲಿಲ್ಲ. ನಮಗೆ ಖರ್ಚು ಇನ್ನೂ ಏರುತ್ತೆ, ಗೊತ್ತು, ಮನೆಗೆ 1,100 ಅಂದಿದ್ದು ಇನ್ನೂ ಒಂದಷ್ಟು ಮೇಲೆ ಹೋಗುತ್ತೆ. ಕೊಡೋಕೆ ಆಗಲ್ಲ ಅನ್ನುವ ಮನೆ ಈ 64ರಲ್ಲಿ ಎಷ್ಟಿವೆ? ನನಗೆ ಒಂದೂ ಕಾಣ್ತಿಲ್ಲ. ಪೇಂಟಿಂಗ್‌ಗೆ ತಲಾ 18 ಸಾವಿರ ಕೇಳಿದಾಗ ಒಂದೇ ವಾರದಲ್ಲಿ ಎಲ್ಲರ ದುಡ್ಡೂ ಬಂದಿತ್ತು.

ಕಾಂಟ್ರಾಕ್ಟ್‌ಗೆ ಇನ್ನೂ ಸಹಿ ಹಾಕಿಲ್ಲ. ಏಜೆನ್ಸಿಯವರು ದಿನಾ ಫೋನ್ ಮಾಡ್ತಾರೆ. ಭಾನುವಾರ ಹನ್ನೊಂದಕ್ಕೆ ಮೀಟಿಂಗ್, ಅಜೆಂಡಾದಲ್ಲಿ ಇದು ಐದನೇದು, ಲಿಫ್ಟ್ ಮುಂದೆ ಗ್ರಾನೈಟ್ ಹಾಕಿಸೋ ವಿಷಯ ಆದ ಮೇಲೆ. ನಿಮ್ಮ ಅಪಾರ್ಟ್‌ಮೆಂಟಲ್ಲಿ ಯಾರಾದರೂ ಮೂರು ಶಿಫ್ಟ್ ಮಾಡಿಸಿದ್ದರೆ, ಹೇಗೆ ಒಪ್ಪಿಸಿದಿರಿ ಅಂತ ದಯವಿಟ್ಟು ಹೇಳಿ. ಶನಿವಾರದೊಳಗೆ ಹೇಳಿದರೆ ಉಪಕಾರ.