ಎಮ್ಮೆಗೆ ಬಂದ ಹೆಸರು

ನಮ್ಮ ಕೊಪ್ಪಳ ಕಡೆಯ ನಾಟಕದ ಹ್ಯಾಂಡ್‌ಬಿಲ್ ನೋಡಿದ್ದೀರಾ? ಗುಲಾಬಿ ಕಾಗದ, ಮೇಲೆ ಊರ ದೇವರ ಫೋಟೊ. ನಾಟಕಕ್ಕೆ ಒಂದು ಹೆಸರು ಸಾಲದು, ನಡುವೆ ‘ಅರ್ಥಾತ್’ ಹಾಕಿ ಇನ್ನೊಂದು ಇರಲೇಬೇಕು. ಕೆಳಗೆ ಹಾರ್ಮೋನಿಯಂ ಮಾಸ್ತರ, ತಬಲಾ, ಸೀನರಿ, ಮೈಕ್‌ಸೆಟ್. ಇವರ ನಡುವೆ ಎಲ್ಲೋ ‘ಕವಿ’ ಅಂತ ಒಂದು ಹೆಸರು. ನಾಟಕ ಬರೆದವರನ್ನು ನಾವು ಕವಿ ಅಂತಲೇ ಕರೆಯೋದು. ಸೀನರಿಯವನಿಗೆ ಮೊಬೈಲ್ ನಂಬರ್ ಸಮೇತ ಜಾಗ. ಕವಿಗೆ ಬರೀ ಹೆಸರು.

ಅಷ್ಟಾದರೂ ಸಿಗುತ್ತಲ್ಲ ಅನ್ನಿ. ನಾಟಕ ಸಿನಿಮಾ ಆದರೆ ಅದಕ್ಕೂ ಸಂಚಕಾರ.

ನಮ್ಮೂರ ಕವಿಗಳ ನಾಟಕವೂ ಸಿನಿಮಾ ಆಯ್ತು. ಬೆಂಗಳೂರಿಂದ ಇಬ್ಬರು ಬಂದಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗರಣೆ-ಮಿರ್ಚಿ ತಟ್ಟೆ ಮುಂದೆ ಮಾತುಕತೆ. ಬಂದವರು ಮಿರ್ಚಿ ತಿಂದು, ಕಣ್ಣೀರು ಒರೆಸಿಕೊಂಡು, ‘ಕಥೆ ಕೇಳಿ ಅಳು ಬಂತು ಸರ್’ ಅಂದರು. ನೋಟ್‌ಬುಕ್ ತೆಗೆದುಕೊಂಡು ಹೋದರು. ಬಿಲ್ ಕವಿಗಳೇ ಕೊಟ್ಟರು. ಆ ಲೆಕ್ಕದಲ್ಲಿ ಸಿನಿಮಾಕ್ಕೆ ಮೊದಲು ದುಡ್ಡು ಹಾಕಿದವರು ಇವರೇ.

‘ಕಾಗದ-ಪತ್ರ ಏನಾದ್ರೂ ಮಾಡ್ಕೊಂಡ್ರೇನ್ರಿ?’ ಅಂತ ಕೇಳಿದೆ.

‘ಅಂಥಾ ಮಂದಿ ಅಲ್ಲ ಬಿಡೋ ತಮ್ಮಾ. ನನ್ನ ಕಾಲು ಮುಟ್ಟಿ ಹೋಗ್ಯಾರ.’

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಾಲು ಮುಟ್ಟೋದರ ಬಗ್ಗೆ ಏನೂ ಇಲ್ಲ. ಹಕ್ಕು ಕೊಡೋದಾದರೆ ಬರಹದಲ್ಲಿ ಕೊಡಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ. ಬದುಕಿದ್ದಾಗಲೇ ಸಿಗದ್ದು ಆಮೇಲೆ ಯಾರ ಕೈಗೆ ಸಿಗುತ್ತೋ, ಅದು ಬೇರೆ ಮಾತು.

ಸಿನಿಮಾ ಬಂತು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ನಾಲ್ಕೂ ಒಬ್ಬರದೇ. ನಮ್ಮ ಕವಿಗಳು ‘ಕೃತಜ್ಞತೆಗಳು’ ಪಟ್ಟಿಯಲ್ಲಿ ಸಿಕ್ಕರು. ಮೇಲೆ ಒಂದು ಲಾಡ್ಜ್, ಕೆಳಗೆ ಟ್ರ್ಯಾಕ್ಟರ್ ಕೊಟ್ಟವರು. ಇನಿಷಿಯಲ್ಲೂ ತಪ್ಪು.

ಫೋನ್ ಮಾಡಿದರೆ, ‘ಎಳೆ ಅಷ್ಟೇ ತಗೊಂಡಿದ್ದು ಸರ್’ ಅಂದರು. ಈ ‘ಎಳೆ’ ಹುಷಾರಾದ ಪದ. ದೆಹಲಿಯ ನಾಟಕಕಾರ ಆರ್.ಜಿ. ಆನಂದ್ ತಮ್ಮ ನಾಟಕ ಕದ್ದು 1956ರಲ್ಲಿ ಸಿನಿಮಾ ಮಾಡಿದ್ದಾರೆ ಅಂತ ಕೇಸು ಹಾಕಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಬರೀ ವಿಚಾರಕ್ಕೆ, ವಸ್ತುವಿಗೆ ಯಾರ ಹಕ್ಕೂ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ. ಆನಂದ್ ಸೋತರು. ಕೋರ್ಟಿನ ಮಾತಿನಲ್ಲಿ ನ್ಯಾಯವಿದೆ, ಇಲ್ಲದಿದ್ದರೆ ಅತ್ತೆ-ಸೊಸೆ ಜಗಳಕ್ಕೂ ಒಬ್ಬ ಮಾಲೀಕ ಇರುತ್ತಿದ್ದ. ಆದರೆ ನಮ್ಮ ಕವಿಗಳ ವಿಷಯದಲ್ಲಿ ಎಳೆ ಅಂತ ಹೋಗಿದ್ದು ಅಂಚು, ಸೆರಗು ಸಮೇತ ಇಡೀ ಸೀರೆ.

ಹಾಗಂತ ಎಲ್ಲರೂ ಹೀಗೇ ಅಲ್ಲ. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆದಾಗ ನಾಟಕದ ಹೆಸರನ್ನೇ ಉಳಿಸಿಕೊಂಡರು. ಈಗ ಯಾರನ್ನಾದರೂ ಆ ಸಿನಿಮಾ ಬಗ್ಗೆ ಕೇಳಿ. ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು, ತಮ್ಮದೇ ದನಿಯಲ್ಲಿ ಹಾಡಿದ್ದು ಎಲ್ಲರಿಗೂ ಗೊತ್ತು. ನಾಟಕ ಬರೆದವರು ಯಾರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಎಮ್ಮೆಗೆ ಬಂದ ಹೆಸರು ಕವಿಗೆ ಬರಲಿಲ್ಲ. ಎಮ್ಮೆ ತೆರೆ ಮೇಲಾದರೂ ಕಾಣಿಸಿತ್ತು ನೋಡಿ.

ಸಿನಿಮಾ ಓಡಿದ ಮೇಲೆ ತಂಡ ಬಳ್ಳಾರಿಗೆ ಬಂತು. ಕವಿಗಳನ್ನೂ ಕರೆದಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ‘ಇವರು ನಮ್ಮ ಚಿತ್ರದ ದೊಡ್ಡ ಅಭಿಮಾನಿ’ ಅಂತ ನಿರೂಪಕಿ ಪರಿಚಯಿಸಿದರು. ಕವಿಗಳು ಎದ್ದು ಕೈ ಮುಗಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಬುಟ್ಟಿಯ ಪ್ಲಾಸ್ಟಿಕ್ ಹರಿದು ನನಗೊಂದು ಸೇಬು ಕೊಟ್ಟರು. ‘ರಾಯಲ್ಟಿ, ತಿನ್ನು’ ಅಂದರು.

ಅಸಲು ತಮಾಷೆ ಶುರುವಾದದ್ದು ಮುಂದಿನ ಜಾತ್ರೆಗೆ. ಹುಡುಗರು ಅದೇ ನಾಟಕ ಆಡುತ್ತೇವೆ ಅಂದರು. ಮುವತ್ತು ವರ್ಷದಿಂದ ಸುತ್ತಲ ಹಳ್ಳಿಗಳಲ್ಲಿ ಆಡಿದ ನಾಟಕ. ತಾಲೀಮಿನ ಮೊದಲ ದಿನವೇ ಹೀರೋ ಪಾರ್ಟಿನ ಹುಡುಗ ನೋಟ್‌ಬುಕ್ ಮುಚ್ಚಿಟ್ಟ.

‘ಅಜ್ಜಾರ, ನೀವು ಡೈಲಾಗ್ ತಪ್ಪು ಬರದೀರಿ. ಸಿನಿಮಾದಾಗ ಹಿಂಗಿಲ್ಲ.’

‘ಸಿನಿಮಾ ಆಮ್ಯಾಲೆ ಬಂದದ್ದಲೇ.’

‘ಇರಬಹುದ್ರಿ. ಆದ್ರ ಮಂದಿ ಕಾಪಿ ಹೊಡದಾರ ಅಂತಾರ.’

ಕೊನೆಗೆ ನಾಯಕಿ ಸಾಯಬಾರದು, ಸಿನಿಮಾದಲ್ಲಿ ಅವಳು ಬದುಕುತ್ತಾಳೆ ಅಂತ ಊರೇ ಹಟ ಹಿಡಿಯಿತು. ಕವಿಗಳು ತಾವೇ ಕೊಂದವಳನ್ನು ತಾವೇ ಬದುಕಿಸಿದರು.

ಹ್ಯಾಂಡ್‌ಬಿಲ್ ಪ್ರೂಫ್ ಬಂದ ದಿನ ನಾನೂ ಅಲ್ಲೇ ಇದ್ದೆ. ದೊಡ್ಡ ಅಕ್ಷರದಲ್ಲಿ ‘ಸೂಪರ್ ಹಿಟ್ ಸಿನಿಮಾ ಆಧಾರಿತ ಸಾಮಾಜಿಕ ನಾಟಕ’. ಕವಿ ಅನ್ನೋ ಜಾಗದಲ್ಲಿ ಸಿನಿಮಾ ನಿರ್ದೇಶಕರ ಹೆಸರು. ನಾನು ಉಸಿರು ಹಿಡಿದು ಕೂತೆ. ಕವಿಗಳು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಜೇಬಿನಿಂದ ಪೆನ್ನು ತೆಗೆದರು.

‘ಸೀನರಿಯವನ ನಂಬರಿನಾಗ ಒಂದು ಅಂಕಿ ತಪ್ಪೈತಿ’ ಅಂತ ತಿದ್ದಿ, ಪ್ರೆಸ್ಸಿನ ಹುಡುಗನ ಕೈಗೆ ಕೊಟ್ಟರು.